ಹೆಸರು ಒಂದೇ, ಊರು ಬೇರೆ

ಕಡಬದ ಗೆಳೆಯರಿಗೆ ಕಾಗದ ಬರೆದು, ವಿಳಾಸದಲ್ಲಿ ‘ಕಡಬ’ ಎಂದಷ್ಟೇ ಕಾಣಿಸಿದರೆ, ಅದು ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನ ಕಡಬವನ್ನು ಸೇರಿದರೂ ಅಂಚೆಯವರನ್ನು ದೂರುವಂತಿಲ್ಲ. ನಮ್ಮ ಪುತ್ತೂರಿನ ಪಾಡೂ ಅದೇ. ಆಂಧ್ರದಲ್ಲಿ, ತಿರುಪತಿಯ ಸಮೀಪ, ಮುರಿದ ಮೂಳೆ ಕಟ್ಟುವುದಕ್ಕೆ ಹೆಸರಾದ ಮತ್ತೊಂದು ಪುತ್ತೂರಿದೆ. ಆದರೆ ಸುಳ್ಯದಲ್ಲಿ ಬಸ್ಸು ಹತ್ತಿ ‘ಪುತ್ತೂರಿಗೆ ಒಂದು ಟಿಕೇಟು’ ಎಂದವರನ್ನು, ಯಾವ ಪುತ್ತೂರೆಂದು ಕಂಡಕ್ಟರನು ಕೇಳುವುದಿಲ್ಲ. ಹೆಸರಿನ ಅರ್ಥವು ಅದನ್ನು ನುಡಿದ ನೆಲೆಯನ್ನು ಅವಲಂಬಿಸಿರುವುದಷ್ಟೆ. ಗಣಕಯಂತ್ರದ ಭಾಷೆಗಳಲ್ಲಿಯೂ ಇದೇ ತೊಡಕುಂಟು.

1958ರಲ್ಲಿ ಅಮೆರಿಕದ ಜಾನ್ ಮೆಕಾರ್ಥಿಯವರು ಲಿಸ್ಪ್ ಎಂಬ ಭಾಷೆಯನ್ನು ರೂಪಿಸತೊಡಗಿದರು. 1975ರ ಸ್ಕೀಮ್, ಅದರಿಂದ ಬೆಳೆದ ಇಂದಿನ ರಾಕೆಟ್, ಇವು ಅದರ ಸಂತತಿ. ಈ ಭಾಷೆಗಳಲ್ಲಿ ಯಂತ್ರದೊಡನೆ ಸಂಭಾಷಣೆಯನ್ನೇ ನಡೆಸಬಹುದು. ನಾವು ಒಂದು ಸಾಲು ಬರೆದೊಡನೆ ಅದು ಓದಿ, ಬೆಲೆಕಟ್ಟಿ, ಉತ್ತರವನ್ನು ತೋರಿಸಿ, ಮುಂದಿನ ಸಾಲಿಗಾಗಿ ಕಾಯುತ್ತದೆ. ಈ ಸಂಭಾಷಣೆಯ ನೆಲೆಗೆ ‘ಟಾಪ್ ಲೆವೆಲ್’ ಎಂದು ಹೆಸರು.

ನಮ್ಮ ವಿದ್ಯಾರ್ಥಿಯೊಬ್ಬನು ಮನೆಯ ಅಡಕೆಯ ಲೆಕ್ಕವನ್ನು ಅಲ್ಲಿ ಹೀಗೆ ಬರೆದನು. (‘ಡಿಫೈನ್’ ಎಂದರೆ ಹೆಸರಿಡುವುದು, ಗುಣಾಕಾರದ ಚಿಹ್ನೆಯನ್ನು ಮೊದಲಿಗೇ ಬರೆಯುವುದು ಈ ವಂಶದ ಸಂಪ್ರದಾಯ.)

(ಡಿಫೈನ್ ದರ 400)
(ಡಿಫೈನ್ (ಬೆಲೆ ತೂಕ) (* ತೂಕ ದರ))

10 ಕಿಲೋವಿಗೆ 4000 ರೂಪಾಯಿ ಎಂದು ಉತ್ತರ ಬಂತು. ಬಳಿಕ ಕಾಳುಮೆಣಸಿನ ಲೆಕ್ಕಕ್ಕೆ ತೊಡಗಿ, ದರ 600 ಎಂದು ಬರೆದನು. ಸಂಜೆ ಮತ್ತೆ 10 ಕಿಲೋ ಅಡಕೆಯ ಬೆಲೆ ಕೇಳಿದರೆ ಯಂತ್ರವು 6000 ಎಂದಿತು! ಅದರ ತಪ್ಪಿಲ್ಲ. ‘ಬೆಲೆ’ಯು 400ನ್ನು ನೆನಪಿಟ್ಟಿರಲಿಲ್ಲ; ‘ದರ’ ಎಂಬ ಹೆಸರನ್ನು ಮಾತ್ರ ಇಟ್ಟುಕೊಂಡಿತ್ತು. ಕೇಳಿದ ಗಳಿಗೆಯಲ್ಲಿ ಆ ಹೆಸರಿಗೆ ಯಾವ ಬೆಲೆ ಇದೆಯೋ ಅದನ್ನೇ ತೆಗೆದುಕೊಂಡಿತು. ‘ದರ’ವನ್ನು ಹೇಳದೆಯೇ ‘ಬೆಲೆ’ಯನ್ನು ಬರೆದಿದ್ದರೂ ಟಾಪ್ ಲೆವೆಲ್ ಒಪ್ಪಿಕೊಳ್ಳುತ್ತಿತ್ತು, ಲೆಕ್ಕ ಕೇಳಿದಾಗ ಮಾತ್ರ ತಕರಾರು ಹೂಡುತ್ತಿತ್ತು. ಮುಂದಿನ ಸಾಲಿನಲ್ಲಿ ನಾವೇನು ಬರೆಯುವೆವೆಂದು ಅದಕ್ಕೆ ತಿಳಿಯುವುದಾದರೂ ಹೇಗೆ?

ಮಾಡ್ಯೂಲಿನ ರೀತಿಯೇ ಬೇರೆ. ಅದೊಂದು ಬೇಲಿ ಹಾಕಿದ ಹಿತ್ತಿಲು. ರಾಕೆಟ್‌ನಲ್ಲಿ ಯಂತ್ರವು ಲೆಕ್ಕಕ್ಕೆ ಕೈಹಚ್ಚುವ ಮುನ್ನ ಮಾಡ್ಯೂಲನ್ನು ಆದ್ಯಂತವಾಗಿ ಓದಿ, ಪ್ರತಿಯೊಂದು ಹೆಸರೂ ಯಾರದೆಂದು ನಿಶ್ಚಯಿಸುತ್ತದೆ. ವಾರಸುದಾರರಿಲ್ಲದ ಹೆಸರು ಸಿಕ್ಕಿದರೆ ಹೊರಡುವುದೇ ಇಲ್ಲ. ‘ದರ’ಕ್ಕೆ ಎರಡು ಸಲ ಡಿಫೈನ್ ಬರೆದರೆ ಆಗಲೇ ತಿರಸ್ಕರಿಸುತ್ತದೆ. ಹೊರಗೆ ಕೊಡುವೆವೆಂದು ನಾವು ಸಾರಿದ ಹೆಸರುಗಳು ಮಾತ್ರ ಹೊರಗಿನವರಿಗೆ ದೊರೆಯುತ್ತವೆ. ‘ಬೆಲೆ’ಯನ್ನು ಹೀಗೆ ಹೊರಗೆ ತಂದ ಮೇಲೆ ಟಾಪ್ ಲೆವೆಲ್‌ನಲ್ಲಿ ನಾವು ‘ದರ’ವನ್ನು ಏನೆಂದು ಬರೆದರೂ, ‘ಬೆಲೆ’ಯು ತನ್ನ ಹಿತ್ತಿಲಿನ ದರವನ್ನೇ ನೋಡುತ್ತದೆ. ಅಡಕೆಗೊಂದು, ಮೆಣಸಿಗೊಂದು ಮಾಡ್ಯೂಲ್ ಮಾಡಿ ಎರಡರಲ್ಲಿಯೂ ‘ದರ’ವನ್ನಿಡಬಹುದು. ಎರಡು ದರಗಳನ್ನೂ ಒಂದೇ ಕಡೆಗೆ ತರಿಸುವಾಗ ಮಾತ್ರ ‘ಅಡಕೆ-ದರ’, ‘ಮೆಣಸು-ದರ’ ಎಂದು ಮುಂದೆ ಗುರುತು ಸೇರಿಸಬೇಕು, ‘ಗುಬ್ಬಿಯ ಕಡಬ’ ಎನ್ನುವ ಹಾಗೆ.

ಇಲ್ಲಿ ಒಂದು ಎಚ್ಚರ. ಹೆಸರುಗಳ ನಿಶ್ಚಯವು ಮೊದಲೇ ಆದರೂ ಬೆಲೆಗಳು ಮೇಲಿನಿಂದ ಕೆಳಕ್ಕೆ ಒಂದೊಂದಾಗಿಯೇ ಹುಟ್ಟುತ್ತವೆ. ಹತ್ತನೆಯ ಸಾಲಿನಲ್ಲಿ ಹುಟ್ಟುವ ದರವನ್ನು ಮೂರನೆಯ ಸಾಲಿನಲ್ಲೇ ಗುಣಿಸಹೊರಟರೆ, ಮಾಡ್ಯೂಲಾದರೂ ನಡುವೆ ನಿಂತುಹೋಗುತ್ತದೆ.

ಟಾಪ್ ಲೆವೆಲ್ ಕೀಳೆಂದು ನನ್ನ ಅಭಿಪ್ರಾಯವಲ್ಲ. ಹೊಸ ಸೂತ್ರವೊಂದನ್ನು ಪರೀಕ್ಷಿಸಲು ನಾನು ಮೊದಲು ಹೋಗುವುದು ಅಲ್ಲಿಗೇ. ಆದರೆ ಮನೆಯವರು ನಂಬಿ ಅಡಕೆ ಮಾರುವ ಲೆಕ್ಕವು ಬೆಳಗ್ಗೆ ಒಂದು, ಸಂಜೆ ಒಂದು ಆಗಕೂಡದು. ಆ ಹುಡುಗನು ತನ್ನ ಸಾಲುಗಳನ್ನು ಇದ್ದಂತೆಯೇ ಮಾಡ್ಯೂಲಿನಲ್ಲಿಟ್ಟು ಓಡಿಸಿದನು. ಯಂತ್ರವು ಒಂದು ಲೆಕ್ಕವನ್ನೂ ಮಾಡದೆ, ಎರಡನೆಯ ‘ದರ’ವನ್ನು ತೋರಿಸಿ ನಿಂತಿತು.