ಎಂಟು ಒಂಬತ್ತಾದ ಕಥೆ: ಮಂಡಿಪೇಟೆ ತಕ್ಕಡಿ ಜಗಳದ ಒಳಗುಟ್ಟು

ತುಮಕೂರು: ಮೊನ್ನೆ ಸೋಮವಾರ ಬೋಣಿ ಹೊತ್ತಿಗೇ ಮಂಡಿಪೇಟೆಯ ಒಂದು ದಿನಸಿ ಅಂಗಡಿ ಮುಂದೆ ಜನ ಗುಂಪು ಕಟ್ಟಿತ್ತು. ಹಳ್ಳಿಯಿಂದ ಬಂದ ಅಜ್ಜಿಯೊಬ್ಬರು ಕೊಬ್ಬರಿ ಕೊಂಡಿದ್ದರು. ತಕ್ಕಡಿ ತೋರಿಸಿದ್ದು 950 ಗ್ರಾಂ. ಅಜ್ಜಿಗೆ ಯಾಕೋ ಅನುಮಾನ. ಪಕ್ಕದ ಅಂಗಡಿಯಲ್ಲಿ ಅದೇ ಚೀಲ ಇಟ್ಟರೆ 850!

"ನೂರು ಗ್ರಾಂ ಎಲ್ಲಿ ಹೋಯ್ತಪ್ಪಾ? ದಾರೀಲಿ ನಾನೇ ತಿಂದ್ನಾ?" ಎಂದು ಅಜ್ಜಿ ಕೇಳಿದ್ದಕ್ಕೆ ಶೆಟ್ಟರ ಬಳಿ ಉತ್ತರವಿಲ್ಲ. "ಮೂವತ್ತು ವರ್ಷದ ವ್ಯಾಪಾರ ತಾಯೀ, ಮೋಸ ಮಾಡೋನಲ್ಲ" ಎಂದರು. ನಿಂತವರಲ್ಲಿ ಅರ್ಧ ಜನ ಅಜ್ಜಿ ಕಡೆ, ಅರ್ಧ ಜನ ಶೆಟ್ಟರ ಕಡೆ. ಬಸ್ಸಿಗೆ ಹೊತ್ತಾದವರೂ ಕದಲಲಿಲ್ಲ.

ಶೆಟ್ಟರು ನೂರು ಗ್ರಾಮಿನ ದುಡ್ಡು ವಾಪಸ್ ಕೊಟ್ಟರು, ಅಜ್ಜಿ ಸೆರಗಿಗೆ ಗಂಟು ಹಾಕಿಕೊಂಡು ಹೊರಟರು. ಆದರೆ ತಕ್ಕಡಿ ಸುಳ್ಳು ಹೇಳಿದ್ದು ಹೇಗೆ? ಅದನ್ನು ತಿಳಿಯಲು ಈ ವರದಿಗಾರ ಲೈಸೆನ್ಸ್ ಇರುವ ತಕ್ಕಡಿ ರಿಪೇರಿಯವರೊಬ್ಬರ ಮುಂದೆ ಮಧ್ಯಾಹ್ನವೆಲ್ಲಾ ಸ್ಟೂಲ್ ಹಾಕಿಕೊಂಡು ಕುಳಿತಿದ್ದಾಯಿತು.

ಅವರು ಹೇಳಿದ ಮೊದಲ ಮಾತು: "ತಕ್ಕಡಿ ತೂಗಿದ್ದು ಸರೀನೇ ಸಾರ್. ಬಾಯಿ ತೊದಲಿದೆ ಅಷ್ಟೆ."

ಗಾಜಿನ ಮೇಲೆ ಕಪ್ಪಗೆ ಮೂಡುವ ಒಂದೊಂದು ಅಂಕಿಗೂ ಏಳು ಗೀಟು. ಏಳೂ ಮೂಡಿದರೆ ಎಂಟು. ಕೆಳಗಡೆಯ ಎಡ ಗೀಟು ಸತ್ತರೆ ಆ ಎಂಟು ಒಂಬತ್ತಾಗುತ್ತದೆ, ಆರು ಐದಾಗುತ್ತದೆ. ಎಂಟು ಬಂದಾಗ ಗಿರಾಕಿಗೆ ನಷ್ಟ, ಆರು ಬಂದಾಗ ಶೆಟ್ಟರಿಗೆ ನಷ್ಟ. ಮೇಲಿನ ಗೀಟು ಸತ್ತರೆ ಏಳು ಒಂದಾಗುತ್ತದೆ. ಎಲ್ಲಕ್ಕಿಂತ ಕಳ್ಳ ಗೀಟು ನಡುವಿನದು. ಅದು ಸತ್ತರೆ ಎಂಟು ಸೊನ್ನೆಯಾಗುತ್ತದೆ, ಖಾಲಿ ತಕ್ಕಡಿಯ ಸೊನ್ನೆಯಲ್ಲಿ ಅದರ ಗುರುತೇ ಸಿಗದು. ಶೆಟ್ಟರ ತಕ್ಕಡಿಯಲ್ಲಾದರೋ ಖಾಲಿ ಇದ್ದಾಗಲೂ ಒಂದು ಸೊನ್ನೆಯ ಕಾಲು ಮುರಿದೇ ಇತ್ತು. ನೋಡಿದವರಿಲ್ಲ.

ಗೀಟು ಸಾಯುವುದು ಯಾಕೆ? ಗಾಜಿನ ಅಂಚಿನಲ್ಲಿ ಗೀಟುಗಳಿಗೆ ಕರೆಂಟು ತರುವ ಪಟ್ಟೆಗಳಿವೆ. ಅವನ್ನೇ ಎಲೆಕ್ಟ್ರೋಡ್ ಎನ್ನುವುದು. ಬಲು ತೆಳು, ಪಾರದರ್ಶಕ, ಕಣ್ಣಿಗೆ ಕಾಣುವುದೇ ಕಷ್ಟ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಅರ್ಧ ಮಿಲಿಮೀಟರ್ ಜಾಗ ಇದ್ದರೆ ಹೆಚ್ಚು. ಅಲ್ಲಿ ವೈರ್ ಇಟ್ಟು ಬೆಸುಗೆ ಹಾಕೋಣವೆಂದರೆ ಗಾಜಿಗೆ ಸೀಸ ಹಿಡಿಯುವುದಿಲ್ಲ. ಪಿನ್ನು, ಸಾಕೆಟ್ಟು ಕೂರಿಸಲು ಜಾಗವೇ ಇಲ್ಲ.

ಇದಕ್ಕೆ ಯಾರೋ ಪುಣ್ಯಾತ್ಮರು ಕಂಡುಕೊಂಡ ಉಪಾಯ ಒಂದು ರಬ್ಬರ್ ಕಡ್ಡಿ. ಹೆಸರು ಜೀಬ್ರಾ! ಬೆಂಕಿಕಡ್ಡಿ ಗಾತ್ರದ ಬೂದು ಬಣ್ಣದ ತುಂಡು. ರಿಪೇರಿಯವರು ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ಕೊಟ್ಟು "ಈಗ ನೋಡಿ" ಎಂದರು. ಅಬ್ಬಾ! ಚಿರೋಟಿಯ ಪದರದ ಹಾಗೆ ಒಂದು ಕಪ್ಪು, ಒಂದು ಬಿಳಿ, ಒಂದು ಕಪ್ಪು, ಒಂದು ಬಿಳಿ. ಕಪ್ಪು ಪದರದ ರಬ್ಬರಿಗೆ ಇಂಗಾಲ ಬೆರೆಸಿರುತ್ತಾರೆ, ಅದರಲ್ಲಿ ಕರೆಂಟು ಹರಿಯುತ್ತದೆ. ಬಿಳಿಯದರಲ್ಲಿ ಹರಿಯದು. ಕೆಳಗೆ ಸರ್ಕ್ಯೂಟ್ ಬೋರ್ಡು, ಮೇಲೆ ಗಾಜು, ನಡುವೆ ಈ ಕಡ್ಡಿ ಇಟ್ಟು ಸ್ಕ್ರೂ ಬಿಗಿದರೆ ಮುಗಿಯಿತು. ಕರೆಂಟು ಕೆಳಗಿಂದ ಮೇಲಕ್ಕೆ ಹೋಗುತ್ತದೆ, ಪಕ್ಕದ ಮನೆಗೆ ನುಗ್ಗುವುದಿಲ್ಲ.

ಪಿಯುಸಿಯಲ್ಲೇ ಫಿಸಿಕ್ಸಿಗೆ ಕೈಮುಗಿದು ಬಂದ ಈ ವರದಿಗಾರನ ತಲೆಗೂ ಹೋದ ಲೆಕ್ಕ ಕೇಳಿ. ಒಂದು ಕಪ್ಪು, ಒಂದು ಬಿಳಿ ಪದರ ಸೇರಿ 0.1 ಮಿಲಿಮೀಟರ್ ಎನ್ನಿ. ಎಲೆಕ್ಟ್ರೋಡಿನ ಅಗಲ ಅರ್ಧ ಮಿಲಿಮೀಟರ್. ಅಂದರೆ ಒಂದೊಂದರ ಮೇಲೂ ಸುಮಾರು ಐದು ಕಪ್ಪು ಪದರ ಕೂರುತ್ತವೆ. ಕಡ್ಡಿ ಕೂದಲೆಳೆಯಷ್ಟು ಆಚೀಚೆ ಸರಿದರೂ ನಾಲ್ಕಾದರೂ ಇದ್ದೇ ಇರುತ್ತವೆ. ಜೋಡಿಸುವವನು ಗುರಿ ಹಿಡಿದು ಕೂರಿಸುವ ಗೋಜೇ ಇಲ್ಲ! ಅದೇ ಪದರ ಒಂದು ಮಿಲಿಮೀಟರ್ ದಪ್ಪ ಇದ್ದಿದ್ದರೆ ಎರಡು ಎಲೆಕ್ಟ್ರೋಡ್ ಒಂದೇ ಪದರಕ್ಕೆ ಸಿಕ್ಕಿ ಅಂಕಿಯೆಲ್ಲ ಕಲಸುಮೇಲೋಗರ. ಇಂಗಾಲದ ರಬ್ಬರು ತಾಮ್ರದಷ್ಟು ಧಾರಾಳವಾಗಿ ಕರೆಂಟು ಬಿಡುವುದಿಲ್ಲ, ನಿಜ. ಆದರೆ ಈ ಗಾಜಿನ ಅಂಕಿಗೆ ಬೇಕಾದ ಕರೆಂಟು ಅತ್ಯಲ್ಪ. ಆದ್ದರಿಂದ ನಡೆಯುತ್ತದೆ.

ಒತ್ತುವುದರಲ್ಲೇ ಇದೆ ಕಸುಬು. ಕಡ್ಡಿಯ ಎತ್ತರ ನೂರಿದ್ದರೆ ತೊಂಬತ್ತಕ್ಕೆ ಇಳಿಯುವಷ್ಟು ಒತ್ತಬೇಕು. ಕಡಿಮೆಯಾದರೆ ಗೀಟು ಮಾಯ, ಜಾಸ್ತಿಯಾದರೆ ಕಡ್ಡಿ ಬಾಗುತ್ತದೆ, ಗಾಜು ಬಿರಿಯುತ್ತದೆ. ನಾಲ್ಕು ಸ್ಕ್ರೂನಲ್ಲಿ ಒಂದು ಸಡಿಲವಾದರೂ ಆ ಮೂಲೆಯ ಅಂಕಿ ಹೋಯಿತು. ಶೆಟ್ಟರ ತಕ್ಕಡಿ ಒಂದು ಸಲ ಕೆಳಗೆ ಬಿದ್ದಿತ್ತಂತೆ. ಸಾಲದ್ದಕ್ಕೆ ಪಕ್ಕದಲ್ಲೇ ಖಾರದಪುಡಿ ಡಬ್ಬ. ಬಿಚ್ಚಿದಾಗ ಗಾಜಿನ ಅಂಚಿನಲ್ಲಿ ಕೆಂಪು ಧೂಳು! ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಗಾಜು, ಬೋರ್ಡು, ಕಡ್ಡಿ ಮೂರನ್ನೂ ಒರೆಸಿ, ಬೆರಳು ತಾಗಿಸದೆ ಚಿಮಟದಲ್ಲಿ ಕೂರಿಸಿ, ನಾಲ್ಕೂ ಸ್ಕ್ರೂ ಸಮನಾಗಿ ಬಿಗಿದರು. ಎಂಟು ಎಂಟಾಯಿತು.

ಈ ಗಾಜಿನೊಳಗಿರುವುದು ದ್ರವಸ್ಫಟಿಕ. ಅದರ ವಿದ್ಯೆಯಲ್ಲಿ ನಮ್ಮ ಬೆಂಗಳೂರೂ ಹಿಂದಿಲ್ಲ. ತಟ್ಟೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ ಆಗುತ್ತದೆ ಎಂದು 1977ರಲ್ಲಿ ಜಗತ್ತಿಗೆ ತೋರಿಸಿದವರು ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಅವರ ಸಂಗಡಿಗರು. ತಕ್ಕಡಿಯಲ್ಲಿರುವುದು ಮಾತ್ರ ಆ ಜಾತಿಯದಲ್ಲ, ಕಡ್ಡಿಯಾಕಾರದ ಅಣುಗಳದು.

ಮೊಬೈಲಿನ ಗಾಜಿನಲ್ಲಿ ಎಲೆಕ್ಟ್ರೋಡ್‌ಗಳು ಇನ್ನೂ ಒತ್ತೊತ್ತು, ಅಲ್ಲಿ ರಬ್ಬರ್ ಕಡ್ಡಿ ಸಾಲದು. ಲೋಹ ಲೇಪಿಸಿದ ಅತಿ ಸಣ್ಣ ಗುಂಡುಗಳನ್ನು ಅಂಟಿನ ಹಾಳೆಯಲ್ಲಿ ಬೆರೆಸಿ, ಬಿಸಿ ಮಾಡಿ ಒತ್ತುತ್ತಾರೆ. ಕಿವಿ ಕೇಳದ ಮಕ್ಕಳಿಗೆ ಕಿವಿಯೊಳಗೆ ಕೂರಿಸುವ ಕಾಕ್ಲಿಯರ್ ಸಾಧನದ್ದು ಇನ್ನೂ ಕಷ್ಟ. ಒಂದು ಬಗೆಯದರಲ್ಲಿ 22 ಎಲೆಕ್ಟ್ರೋಡ್‌ಗಳಿವೆ. ಅವಕ್ಕೆ ಹೋಗುವ ವೈರುಗಳು ಮುಚ್ಚಿದ ಡಬ್ಬಿಯಿಂದ ಹೊರಬರುವ ಕಡೆ ದೇಹದ ಉಪ್ಪುನೀರು ಹನಿಯೂ ಒಳಗಿಳಿಯಬಾರದು. ಅಲ್ಲಿ ಬಿಚ್ಚಿ ಒರೆಸುವ ಮಾತೇ ಇಲ್ಲ.

ಇನ್ನು ನಮ್ಮ ಅಂಗಡಿಯವರ ಗಮನಕ್ಕೆ. ತಕ್ಕಡಿ ಆನ್ ಮಾಡಿದ ಕೂಡಲೇ ಬಹಳಷ್ಟರಲ್ಲಿ ಸಾಲಾಗಿ ಎಂಟುಗಳು ಬರುತ್ತವೆ. ಅದು ಅಲಂಕಾರಕ್ಕಲ್ಲ, ಎಲ್ಲ ಗೀಟೂ ಬದುಕಿವೆಯೇ ಎಂದು ನೋಡಲು. ದಿನಾ ಬೆಳಿಗ್ಗೆ ಒಂದು ಕ್ಷಣ ನೋಡಿ. ಗಿರಾಕಿಗಳೂ ತೂಕಕ್ಕೆ ಮುಂಚೆ ಸೊನ್ನೆಗಳು ಪೂರ್ತಿ ಇವೆಯೇ ಗಮನಿಸಿ. ಕೆಟ್ಟರೆ ನೀವೇ ಸ್ಕ್ರೂಡ್ರೈವರ್ ಹಿಡಿಯಬೇಡಿ. ಮುದ್ರೆ ಒಡೆದ ತಕ್ಕಡಿಯನ್ನು ತೂಕ-ಅಳತೆ ಇಲಾಖೆಯಲ್ಲಿ ಮತ್ತೆ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸದೆ ಬಳಸುವಂತಿಲ್ಲ. ಹೇಗೂ ವರ್ಷಕ್ಕೊಮ್ಮೆ ಮುದ್ರೆ ಆಗಲೇಬೇಕು.

ಶೆಟ್ಟರ ತಕ್ಕಡಿ ಈಗ ಆ ಮುದ್ರೆಗೇ ಕಾದಿದೆ. ಅಲ್ಲಿಯವರೆಗೆ ಅಟ್ಟದ ಮೇಲಿದ್ದ ಹಳೇ ಕೈತಕ್ಕಡಿ ಕೆಳಗಿಳಿದಿದೆ. "ಇದರ ಮುದ್ರೆ ಯಾವ ವರ್ಷದ್ದು ಶೆಟ್ರೇ?" ಎಂದು ಕೇಳಿದರೆ, "ಕಾಫಿ ಕುಡೀತೀರಾ?" ಎಂದರು.