ಫ್ಲಿಂಟ್‌ನ ಶೆಡ್ಡಿನಲ್ಲಿ ವಿ8 ಕೂರಿಸುವ ಕೆಲಸ

ಮಿಷಿಗನ್‌ನ ಫ್ಲಿಂಟ್ ಪಟ್ಟಣದ ಹೊರಗಿನ ಈ ಶೆಡ್ಡಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಮೂತಿ ಕಳಚಿದ ಒಂದು ಪಿಕಪ್. 1951ರ ಷೆವರ್ಲೆ 3100. ಬಾನೆಟ್ಟು, ಗ್ರಿಲ್ಲು, ಮಡ್‌ಗಾರ್ಡುಗಳು ಗೋಡೆಗೆ ಒರಗಿವೆ. ಖಾಲಿ ಚಾಸಿಯ ಮೇಲೆ ಸರಪಳಿಯಲ್ಲಿ ತೂಗುತ್ತಿರುವುದು ಎಪ್ಪತ್ತರ ದಶಕದ ಕಾರಿನಿಂದ ಇಳಿಸಿದ 5.7 ಲೀಟರಿನ ವಿ8 ಎಂಜಿನ್. ಇಂಥ ಪಿಕಪ್ಪುಗಳೂ ಇಂಥ ಎಂಜಿನ್ನುಗಳೂ ತಯಾರಾಗುತ್ತಿದ್ದ ಊರು ಇದು. ಗಾಡಿಯ ಯಜಮಾನರೂ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರೇ.

ಮೂಲ ಎಂಜಿನ್ ಮೂಲೆಯಲ್ಲಿ ಮರದ ದಿಮ್ಮಿಗಳ ಮೇಲಿದೆ. ಆರು ಸಿಲಿಂಡರ್, 3.5 ಲೀಟರ್, ಸುಮಾರು 90 ಅಶ್ವಶಕ್ತಿ. ಅದರ ಕನೆಕ್ಟಿಂಗ್ ರಾಡಿನ ಬೇರಿಂಗುಗಳು ಬ್ಯಾಬಿಟ್ ಲೋಹ ಕರಗಿಸಿ ಹೊಯ್ದವು. ಅವಕ್ಕೆ ಆಯಿಲ್ ಒತ್ತಡದಿಂದ ಬರುವುದಿಲ್ಲ. ರಾಡಿನ ಚಮಚದಂಥ ತುದಿ ಕೆಳಗಿಂದ ಬಾಚಿಕೊಳ್ಳಬೇಕು. ಹೊಲದ ದಾರಿಗೆ ಅದು ಧಾರಾಳವಾಯಿತು. 70 ಮೈಲಿ ವೇಗದ ಹೆದ್ದಾರಿಯಲ್ಲಿ ಹೊತ್ತುಗಟ್ಟಲೆ ಓಡಿಸಿದರೆ ತಡೆಯದು.

ಈಗ ಯಜಮಾನರು ವಿ8 ಅನ್ನು ನಿಧಾನಕ್ಕೆ ಇಳಿಸುತ್ತಿದ್ದಾರೆ. ನಾನು ಹಿಂದುಗಡೆ ಬಗ್ಗಿ ನೋಡುತ್ತಿದ್ದೇನೆ. ಈ ಎಂಜಿನ್ನಿನ ಡಿಸ್ಟ್ರಿಬ್ಯೂಟರ್ ಇರುವುದು ಹಿಂತುದಿಯಲ್ಲಿ, ಕ್ಯಾಬಿನ್ನಿನ ತಗಡಿಗೆ ಎದುರಾಗಿ. ಕಾರಿನಿಂದ ಬಂದದ್ದು ಎಪ್ಪತ್ತರ ದಶಕದ ದೊಡ್ಡ ಎಲೆಕ್ಟ್ರಾನಿಕ್ ನಮೂನೆ, ಕಾಯಿಲ್ ಕೂಡ ಮುಚ್ಚಳದೊಳಗೇ. ಅದು ತಗಡಿಗೆ ಮುಟ್ಟುತ್ತದೆ. ಇಂಥ ಕಡೆ ತಗಡು ಬಡಿದು ಗುಂಡಿ ಮಾಡುವವರು, ಕತ್ತರಿಸಿ ಬೆಸುಗೆ ಹಾಕುವವರು ಬೇಕಾದಷ್ಟಿದ್ದಾರೆ. ಇವರು ಹಾಗೆ ಮಾಡಲಿಲ್ಲ. ಪಾಯಿಂಟ್ ಇರುವ ಹಳೆಯ ಸಣ್ಣ ಡಿಸ್ಟ್ರಿಬ್ಯೂಟರ್ ತಂದು ಹಾಕಿದರು. ಎರಡು ಬೆರಳು ತೂರುವಷ್ಟು ಜಾಗ ಉಳಿಯಿತು. "ಗಾಡಿಗೆ ಗರಗಸ ಹಾಕೋದಿಲ್ಲ. ಮುಂದೆ ಯಾರಿಗಾದರೂ ಹಳೇ ಎಂಜಿನ್ನೇ ಬೇಕು ಅನ್ನಿಸಿದರೆ ಬೋಲ್ಟು ಬಿಚ್ಚಿ ಕೂರಿಸಿಕೊಳ್ಳಲಿ," ಎಂದರು. ನನ್ನ ಮಟ್ಟಿಗೆ ಒಳ್ಳೆಯ ಕೆಲಸಗಾರನ ಗುರುತು ಇದೇ.

ಎಡಕ್ಕೆ ಇನ್ನೊಂದು ಇಕ್ಕಟ್ಟು. ಸ್ಟೀರಿಂಗ್ ಬಾಕ್ಸ್ ಚಾಸಿಗೇ ಅಂಟಿಕೊಂಡಿರುವುದರಿಂದ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅಲ್ಲಿ ಹಿಡಿಸದು. ಅದರ ಬದಲು ಹೊಗೆಯನ್ನು ನಡುವಿನಿಂದ ನೇರ ಕೆಳಕ್ಕೆ ಬಿಡುವ, ಟಗರಿನ ಕೊಂಬಿನ ಹೆಸರಿನ ಹಳೆಯ ಮ್ಯಾನಿಫೋಲ್ಡ್ ಹಾಕಿದ್ದಾರೆ. ಈ ವಿ8 ಬಳಗ ಶುರುವಾದದ್ದು 1955ರಲ್ಲಿ. ಒಳಗಿನ ಅಳತೆ ಸಾಕಷ್ಟು ಬೆಳೆದರೂ ಹೊರಮೈ ಹೆಚ್ಚು ಬದಲಾಗಲಿಲ್ಲ. ಹಾಗಾಗಿಯೇ ಬೇರೆ ಬೇರೆ ವರ್ಷಗಳ ಬಿಡಿಭಾಗಗಳು ಹೀಗೆ ಕೂಡಿಬರುತ್ತವೆ.

ಮೌಂಟಿಂಗ್ ಬಿಗಿಯುವ ಮುನ್ನ ಕಾರ್ಬೊರೇಟರ್ ಕೂರುವ ಜಾಗಕ್ಕೆ ರಸಮಟ್ಟ ಇಟ್ಟರು. ಎಂಜಿನ್ ಹಿಂದಕ್ಕೆ ಸುಮಾರು ಮೂರು ಡಿಗ್ರಿ ವಾಲಿದರೆ ಆ ಜಾಗ ಸಮತಟ್ಟಾಗುತ್ತದೆ. ಹಿಂದಿನ ಆಕ್ಸಲ್ಲಿನ ಕೋನವೂ ಇದಕ್ಕೆ ಹೊಂದಬೇಕು, ಇಲ್ಲವಾದರೆ ಎರಡರ ನಡುವಿನ ಶಾಫ್ಟು ಅದುರುತ್ತದೆ.

ಆಕ್ಸಲ್ಲೇ ಉಳಿದಿರುವ ದೊಡ್ಡ ಕೆಲಸ. ಈ ಪಿಕಪ್ಪಿನ ಶಾಫ್ಟು ಕೊಳವೆಯೊಳಗೆ ಮುಚ್ಚಿಕೊಂಡಿರುವಂಥದ್ದು. ವಿ8 ಜೊತೆಗೆ ಹಾಕುವ ಹೊಸ ಗೇರ್‌ಬಾಕ್ಸಿಗೆ ತೆರೆದ ಶಾಫ್ಟು, ಅದಕ್ಕೆ ತಕ್ಕ ಆಕ್ಸಲ್ಲು ಬೇಕು. ಆರು ವೋಲ್ಟಿನ ವೈರಿಂಗ್ ಹನ್ನೆರಡಕ್ಕೆ ಏರಬೇಕು. ಅದಕ್ಕೂ ಮುಂಚೆ ಬ್ರೇಕು: ಮುಂದಿನ ಡ್ರಮ್ ತೆಗೆದು ಡಿಸ್ಕ್ ಹಾಕುವವರೆಗೆ ಎಂಜಿನ್ನಿಗೆ ಪೆಟ್ರೋಲ್ ಕೊಡುವುದಿಲ್ಲ ಎಂದು ಯಜಮಾನರು ಖಡಾಖಂಡಿತವಾಗಿ ಹೇಳಿದ್ದಾರೆ.