ದೋಣಿಗೊಪ್ಪುವ ಯಂತ್ರ

ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಯಿಸಿ ನೋಡುತ್ತಾನೆ. ದೋಣಿಗೆ ಯಂತ್ರ ಕೊಳ್ಳುವವನು ಏನನ್ನು ನೋಡಬೇಕು? ಗಂಗೊಳ್ಳಿಯ ನನ್ನ ಮೀನುಗಾರ ಮಿತ್ರರೊಬ್ಬರು ಸಾಲ ಮಾಡಿ, ತಮ್ಮ 24 ಅಡಿಯ ನಾಡದೋಣಿಗೆ ಔಟ್‌ಬೋರ್ಡ್ ಯಂತ್ರ ಕೊಳ್ಳಹೊರಟಾಗ, ಓದಿದವನೆಂಬ ಒಂದೇ ಕಾರಣಕ್ಕೆ ನನ್ನನ್ನೂ ಅಂಗಡಿಗೆ ಕರೆದೊಯ್ದರು.

ನನ್ನ ಕಣ್ಣು ನೆಟ್ಟದ್ದು 25 ಅಶ್ವಶಕ್ತಿಯ ಯಂತ್ರದ ಮೇಲೆ. ಅವರು ನಕ್ಕರು. “ದೋಣಿ ಹಾರ್ಸೂಕಲ್ಲ ಮಾಷ್ಟ್ರೇ, ಮೀನ್ ಹಿಡೂಕೆ.”

ಆ ಮಾತಿನಲ್ಲಿ ಭೌತಶಾಸ್ತ್ರವೇ ಅಡಗಿತ್ತು. ಜನ, ಬಲೆ, ಮೀನುಗಳ ಭಾರ ಹೊತ್ತು ನೀರನ್ನು ಸೀಳುತ್ತ ಸಾಗುವ ದೋಣಿ ತಾನೆಬ್ಬಿಸಿದ ಅಲೆಗೇ ಸೆರೆಯಾಗುತ್ತದೆ. 24 ಅಡಿಯ ದೋಣಿಗೆ ಆ ಮಿತಿ ಗಂಟೆಗೆ ಸುಮಾರು 12 ಕಿಲೋಮೀಟರು. ಆಮೇಲೆ ಹೆಚ್ಚುವುದು ವೇಗಕ್ಕಿಂತ ಎಣ್ಣೆಯ ಖರ್ಚು. ಕಾನೂನೂ ಅವರ ಕಡೆಗಿತ್ತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷಿದ್ಧ. 10 ಅಶ್ವಶಕ್ತಿ ಮೀರದ ಯಂತ್ರದ ನಾಡದೋಣಿಗಳಿಗೆ ವಿನಾಯಿತಿ. ನನ್ನ ಮಾತು ಕೇಳಿದ್ದರೆ ಆ ಎರಡು ತಿಂಗಳು ಸಾಲದ ಕಂತು ನಡೆಯುತ್ತಿತ್ತು, ದೋಣಿ ನಡೆಯುತ್ತಿರಲಿಲ್ಲ.

ಶಕ್ತಿಗಿಂತ ಹೆಚ್ಚಾಗಿ ಅವರು ಪರೀಕ್ಷಿಸಿದ್ದು ಯಂತ್ರದ ಕಾಲನ್ನು. ಅದು 15 ಇಂಚಿನದುಂಟು, 20 ಇಂಚಿನದುಂಟು. ಯಂತ್ರ ಕೂರುವ ಹಲಗೆಯ ಎತ್ತರವನ್ನು ಅವರು ಹುರಿಯೊಂದಕ್ಕೆ ಗಂಟು ಹಾಕಿ ಅಳೆದು ತಂದಿದ್ದರು. ಪ್ರೊಪೆಲ್ಲರಿನ ಮೇಲಣ ಚಪ್ಪಟೆ ಫಲಕ ದೋಣಿಯ ತಳದ ಮಟ್ಟಕ್ಕೆ ಬರಬೇಕು. ಕಾಲು ಉದ್ದವಾದರೆ ನೀರಿನ ಎಳೆತ ಹೆಚ್ಚು, ಮರಳದಿಬ್ಬಕ್ಕೆ ತಾಗುವ ಭಯ ಬೇರೆ. ಗಿಡ್ಡವಾದರೆ ತೆರೆಯ ನೆತ್ತಿಯಲ್ಲಿ ಪ್ರೊಪೆಲ್ಲರು ಗಾಳಿಯನ್ನು ಸೆಳೆದುಕೊಂಡು ಬರಿದೆ ಕಿರುಚುತ್ತದೆ, ನೂಕುವುದಿಲ್ಲ. ನಡುಗಡಲಿನಲ್ಲಿ ಹೇಗೋ ಸುಧಾರಿಸಿಕೊಳ್ಳಬಹುದು. ಆದರೆ ಪಂಚಗಂಗಾವಳಿ ಸಮುದ್ರ ಸೇರುವ ಅಳಿವೆಯಲ್ಲಿ, ಬೆನ್ನ ಹಿಂದೆ ತೆರೆ ಏಳುತ್ತಿರುವಾಗ ಯಂತ್ರ ಒಂದು ಕ್ಷಣ ಕೈಕೊಟ್ಟರೂ ದೋಣಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ತೆರೆ ಮಗುಚುತ್ತದೆ. ಇದನ್ನು ಹೇಳುವಾಗ ಅವರ ಮುಖದಲ್ಲಿ ನಗೆಯಿರಲಿಲ್ಲ.

ಇನ್ನು ಪ್ರೊಪೆಲ್ಲರಿನ ರೆಕ್ಕೆಗಳ ತಿರುವು. ಭಾರದ ದೋಣಿಗೆ ಅದು ಕಡಿಮೆಯಿರಬೇಕು. ಘಾಟಿ ಹತ್ತುವ ಬಸ್ಸಿಗೆ ಮೊದಲ ಗೇರು ಇದ್ದಂತೆ. ಪೆಟ್ರೋಲಿನಲ್ಲಿ ಹೊತ್ತಿಕೊಂಡು ಸೀಮೆಎಣ್ಣೆಯಲ್ಲಿ ಓಡುವ ಯಂತ್ರದ ಗುಣಗಾನವನ್ನು ಅಂಗಡಿಯವರು ಸಾಕಷ್ಟು ಮಾಡಿದರು. ನನ್ನ ಮಿತ್ರರು ಕೇಳಿದ್ದು ಒಂದೇ ಪ್ರಶ್ನೆ: ಬಿಡಿಭಾಗಗಳು ಕುಂದಾಪುರದಲ್ಲೇ ಸಿಗುತ್ತವೆಯೋ?

ಕೊನೆಗೆ ಅವರು ಕೊಂಡದ್ದು 10 ಅಶ್ವಶಕ್ತಿಯೊಳಗಿನ, ಉದ್ದ ಕಾಲಿನ ಯಂತ್ರ. ಮರುದಿನ ಅದನ್ನು ಹಲಗೆಗೆ ಬಿಗಿದು, ಹೆಚ್ಚಿನದೊಂದು ಸ್ಪಾರ್ಕ್ ಪ್ಲಗ್ಗನ್ನು ಡಬ್ಬಿಯಲ್ಲಿಟ್ಟುಕೊಂಡರು. ಹಳೆಯ ಹುಟ್ಟುಗಳೆರಡನ್ನು ಮಾತ್ರ ದೋಣಿಯಿಂದ ಇಳಿಸಲಿಲ್ಲ.